ಗೃಹವೈದ್ಯ: ಗಳಿಗೆಯ ಮದ್ದು, ದಿನದ ಗುಳಿಗೆ

ಮುಂಡಗೋಡ ತಾಲೂಕಿನ ಮಳಗಿಯಿಂದ ನಮ್ಮ ವಾಚಕರೊಬ್ಬರು ಸವಿಸ್ತಾರವಾದೊಂದು ಪತ್ರವನ್ನು ಬರೆದಿರುವರು. ಅವರ ಮನೆಯ ಹಿರಿಯರಿಗೆ ಈಚೆಗೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಎದೆ ಡವಗುಟ್ಟಹತ್ತಿತು; ಮೈಯೆಲ್ಲ ಬೆವರಿ, ಕುಳಿತಲ್ಲಿ ಕೂಡ್ರಲಾರದಂತಾಯಿತು. ಗಾಡಿ ಮಾಡಿಕೊಂಡು ಹುಬ್ಬಳ್ಳಿಗೆ ಒಯ್ದರು. ಅಲ್ಲಿಯ ವೈದ್ಯರು ಹೃದಯದ ಇ.ಸಿ.ಜಿ. ತೆಗೆದು ನೋಡಿ, ಒಂದು ಸಣ್ಣ ಯಂತ್ರಕ್ಕೆ ಪಿಚಕಾರಿಯನ್ನು ಜೋಡಿಸಿ, ಕೈಯ ರಕ್ತನಾಳದೊಳಗೆ ಔಷಧವನ್ನು ಹನಿಹನಿಯಾಗಿ ಬಿಟ್ಟರು. ಕೆಲವೇ ನಿಮಿಷಗಳಲ್ಲಿ 150ನ್ನು ಮೀರಿದ್ದ ನಾಡಿ 100ರ ಕೆಳಗೆ ಇಳಿಯಿತಂತೆ. ಮರುದಿನ ಯಂತ್ರವನ್ನು ತೆಗೆದು, ಅದೇ ಜಾತಿಯ ಗುಳಿಗೆಯನ್ನು ದಿನವೂ ತೆಗೆದುಕೊಳ್ಳಬೇಕೆಂದು ಬರೆದುಕೊಟ್ಟು ಮನೆಗೆ ಕಳಿಸಿದರು.

ಪತ್ರದ ಕೊನೆಯಲ್ಲಿ ಅವರು ಎರಡು ಪ್ರಶ್ನೆಗಳನ್ನು ಕೇಳಿರುವರು. ಇಷ್ಟು ತೀವ್ರವಾಗಿ ಗುಣ ತೋರಿಸುವ ಮದ್ದನ್ನು ತಮ್ಮಂಥ ದೂರದ ಊರಿನವರು ಮನೆಯಲ್ಲಿಯೇ ಇಟ್ಟುಕೊಂಡರೆ ತಪ್ಪೇನು? ಅದು ಬೇಗನೆ ಇಳಿದುಹೋಗುವ ಮದ್ದೆಂದು ವೈದ್ಯರೇ ಹೇಳಿರುವಾಗ ಅಪಾಯವೂ ಕಡಿಮೆಯಲ್ಲವೆ? ಎರಡನೆಯದು: ಈಗ ಎದೆ ನೆಟ್ಟಗಾಗಿದೆಯಾದ್ದರಿಂದ ದಿನದ ಗುಳಿಗೆಯನ್ನು ಬಿಟ್ಟುಬಿಡಬಹುದೆ? ಶಿರಸಿಗೂ ಮುಂಡಗೋಡಕ್ಕೂ ನಡುವೆ ಇರುವ ಊರಿನ ಗೃಹಸ್ಥರಿಗೆ ಇವು ಸಹಜವಾಗಿ ಹುಟ್ಟತಕ್ಕ ಪ್ರಶ್ನೆಗಳೇ. ಇಂಥ ಊರುಗಳಲ್ಲಿರುವ ನಮ್ಮ ವಾಚಕರು ಅನೇಕರಾದ್ದರಿಂದ ಈ ತಿಂಗಳ ಬರಹವನ್ನೆಲ್ಲ ಈ ವಿಷಯಕ್ಕೇ ಮೀಸಲಿಟ್ಟಿರುವೆವು.

ಮೊದಲು ಹೃದಯದ ನಡೆಯನ್ನು ತಿಳಿಯುವಾ. ಆರೋಗ್ಯವಂತರಾದ ವಯಸ್ಕರ ಹೃದಯವು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 60ರಿಂದ 100 ಸಲ ಮಿಡಿಯುವದು. ನಿಮಿಷಕ್ಕೆ 72ರಂತೆ ಹಿಡಿದರೆ ಒಂದು ಹಗಲು ಒಂದು ರಾತ್ರಿಗೆ ಒಂದು ಲಕ್ಷಕ್ಕೂ ಮೇಲಾಗುವದು. ಪ್ರತಿಯೊಂದು ಮಿಡಿತದಲ್ಲಿಯೂ ಎರಡು ಭಾಗಗಳುಂಟು. ಹೃದಯವು ಮುಷ್ಟಿಯಂತೆ ಬಿಗಿದು ರಕ್ತವನ್ನು ಹೊರಗೆ ತಳ್ಳುವದು ಒಂದು. ಸಡಿಲಾಗಿ ರಕ್ತವನ್ನು ಒಳಗೆ ತುಂಬಿಕೊಳ್ಳುವದು ಇನ್ನೊಂದು. ಇಡಿಯ ದೇಹಕ್ಕೆ ರಕ್ತವನ್ನು ಉಣಿಸುವ ಹೃದಯದ ಸ್ನಾಯುವಿಗೂ ರಕ್ತವು ಬೇಕಷ್ಟೆ. ಅದರ ಎಡಭಾಗಕ್ಕೆ ಆ ರಕ್ತವು ಹೆಚ್ಚಾಗಿ ಒದಗುವದು ಸಡಿಲಾದ ಹೊತ್ತಿನಲ್ಲಿಯೇ. ಬಿಗಿದಾಗ ಅದರ ನಾಳಗಳೂ ಒತ್ತಿಹೋಗುವವು.

ನಾಡಿ 60 ಇದ್ದಾಗ ಒಂದು ಮಿಡಿತಕ್ಕೆ ಒಂದು ಸೆಕೆಂಡು ಸಿಕ್ಕುವದು. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಿಗಿಯುವದಕ್ಕೂ ಉಳಿದದ್ದು ಸಡಿಲಾಗಿರುವದಕ್ಕೂ ಸಲ್ಲುವದು. ನಾಡಿ 150ಕ್ಕೆ ಏರಿದರೆ ಒಂದು ಮಿಡಿತಕ್ಕೆ ಸಿಕ್ಕುವ ಕಾಲ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು ಮಾತ್ರ. ಬಿಗಿಯುವ ಕಾಲವು ಹೆಚ್ಚು ಕುಗ್ಗಲಾರದು. ಆದಕಾರಣ ಕೊರತೆಯೆಲ್ಲ ಬೀಳುವದು ವಿಶ್ರಾಂತಿಯ ಮೇಲೆಯೇ. ದುಡಿಮೆ ಇಮ್ಮಡಿಯಾಗಿ ಊಟ ಅರೆಹೊಟ್ಟೆಯಾದ ಆಳಿನ ಅವಸ್ಥೆಯು ಹೃದಯಕ್ಕೆ ಬರುವದು. ಎಳೆಯ ವಯಸ್ಸಿನ ಗಟ್ಟಿ ಹೃದಯವು ಇದನ್ನು ಕೆಲಹೊತ್ತು ತಾಳಿಕೊಂಡೀತು. ನಾಳಗಳು ಮೊದಲೇ ಕಿರಿದಾದ ಮುದಿ ಹೃದಯವು ತಾಳಲಾರದು.

ಹೃದಯವನ್ನು ಓಡಿಸುವವರಾರು? ಅದಕ್ಕೆ ಎರಡು ಕಡೆಯ ನರಗಳು ಬಂದು ಮುಟ್ಟಿರುವವು. ಒಂದು ಕಡೆಯವು ಚಾವಟಿಯಂತೆ. ಇನ್ನೊಂದು ಕಡೆಯವು ಲಗಾಮಿನಂತೆ. ಹೆದರಿಕೆ, ಸಿಟ್ಟು, ನೋವು, ಜ್ವರ, ರಕ್ತಸ್ರಾವ ಇವುಗಳಲ್ಲಿ ಯಾವದೊಂದು ಉಂಟಾದರೂ ಚಾವಟಿಯ ನರಗಳು ಎಚ್ಚರಗೊಳ್ಳುವವು. ಮೂತ್ರಪಿಂಡಗಳ ನೆತ್ತಿಯ ಮೇಲಿನ ಸಣ್ಣ ಗ್ರಂಥಿಗಳು ಅಡ್ರೆನಾಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಯುವವು. ಈ ರಸವು ಹೃದಯದ ಕಣಗಳ ಮೇಲಿರುವ ಬೀಗಗಳಂಥ ಗ್ರಾಹಕಗಳಲ್ಲಿ ಕೀಲಿಕೈಯಂತೆ ಕೂತಾಗ ಹೃದಯವು ಬೇಗಬೇಗನೆಯೂ ಬಲವಾಗಿಯೂ ಮಿಡಿಯುವದು. ಇಂಥ ಬೀಗಗಳಲ್ಲಿ ಎರಡು ಜಾತಿಗಳಿರಬೇಕೆಂದು ಅಮೇರಿಕದ ರೇಮಂಡ್ ಆಲ್‌ಕ್ವಿಸ್ಟ್ ಎಂಬ ಶಾಸ್ತ್ರಜ್ಞರು 1948ರಲ್ಲಿ ಪ್ರತಿಪಾದಿಸಿ, ಅವಕ್ಕೆ ಆಲ್ಫಾ, ಬೀಟಾ ಎಂದು ಹೆಸರಿಟ್ಟರು. ಹೃದಯವನ್ನು ಓಡಿಸತಕ್ಕವು ಮುಖ್ಯವಾಗಿ ಬೀಟಾ ಜಾತಿಯವು. ಇವುಗಳಲ್ಲಿ ಮತ್ತೆ ಒಳಭೇದವುಂಟು: ಹೃದಯದಲ್ಲಿ ಹೆಚ್ಚಾಗಿರುವದು ಬೀಟಾ-1, ಶ್ವಾಸನಾಳಗಳಲ್ಲಿ ಹೆಚ್ಚಾಗಿರುವದು ಬೀಟಾ-2.

ಈ ಬೀಗದಲ್ಲಿ ಸುಳ್ಳು ಕೀಲಿಕೈಯೊಂದನ್ನು ತುರುಕಿ, ನಿಜವಾದ ಕೀಲಿಕೈಗೆ ಎಡೆಯಿಲ್ಲದಂತೆ ಮಾಡಬಹುದೆಂದು ಯೋಚಿಸಿದವರು ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಎಂಬವರು. ಹೃದಯಕ್ಕೆ ರಕ್ತದ ಸರಬರಾಯಿಯನ್ನು ಹೆಚ್ಚಿಸಲಿಕ್ಕೆ ಬಾರದಿದ್ದರೆ ಅದರ ಬೇಡಿಕೆಯನ್ನಾದರೂ ತಗ್ಗಿಸೋಣವೆಂಬುದು ಅವರ ತರ್ಕ. ಆ ತರ್ಕದಿಂದ 1960ರ ದಶಕದಲ್ಲಿ ಪ್ರೊಪ್ರನೊಲಾಲ್ ಎಂಬ ಮದ್ದು ಬಂದಿತು. 1988ರಲ್ಲಿ ಬ್ಲ್ಯಾಕರಿಗೆ ನೋಬೆಲ್ ಪಾರಿತೋಷಕವು ಇನ್ನಿಬ್ಬರೊಡನೆ ದೊರೆಯಿತು. ಪ್ರೊಪ್ರನೊಲಾಲ್ ಎರಡೂ ಬಗೆಯ ಬೀಟಾ ಬೀಗಗಳನ್ನು ಮುಚ್ಚುವದರಿಂದ ಉಬ್ಬಸದವರಿಗೆ ಉಸಿರು ಕಟ್ಟುವ ಭಯವಿತ್ತು. ತರುವಾಯ ಹೃದಯದ ಬೀಗಗಳನ್ನೇ ಹೆಚ್ಚಾಗಿ ಹಿಡಿಯುವ ಮೆಟೊಪ್ರೊಲಾಲ್, ಅಟೆನೊಲಾಲ್, ಬೈಸೊಪ್ರೊಲಾಲ್ ಮೊದಲಾದವು ಬಳಕೆಗೆ ಬಂದವು. ಈ ಕುಲದ ಮದ್ದುಗಳಿಗೆಲ್ಲ ಬೀಟಾ ಬ್ಲಾಕರ್ ಎಂದು ಹೆಸರು. ರಕ್ತದೊತ್ತಡದವರೂ ಹೃದ್ರೋಗಿಗಳೂ ಇರುವ ಮನೆಗಳ ಗೂಡಿನಲ್ಲಿ ಇವುಗಳಲ್ಲೊಂದರ ಚೀಟಿಯನ್ನು ನೀವು ಕಂಡೇ ಇರುವಿರಿ.

ಈ ಮದ್ದುಗಳ ಉಪಕಾರವು ದೊಡ್ಡದು. ಆದರೆ ಪ್ರಾಣಸಂಕಟದ ಹೊತ್ತಿನಲ್ಲಿ ಇವುಗಳಿಗೊಂದು ತೊಡಕುಂಟು: ಒಮ್ಮೆ ಒಳಗೆ ಹೋದುದನ್ನು ಹಿಂದಕ್ಕೆ ಕರೆಯಲಿಕ್ಕೆ ಬಾರದು. ಮೆಟೊಪ್ರೊಲಾಲಿನ ಪ್ರಮಾಣವು ರಕ್ತದಲ್ಲಿ ಅರ್ಧಕ್ಕೆ ಇಳಿಯಲು 3ರಿಂದ 7 ತಾಸು ಬೇಕು. ಈ ಅವಧಿಗೆ ವೈದ್ಯರು ಅರ್ಧಾಯುವೆನ್ನುವರು. ರೋಗಿಯ ಹೃದಯವು ಬೇಗ ಬಡಿಯುತ್ತಿರುವದು ಸೋತುಹೋಗುತ್ತಿರುವ ತನ್ನ ಬಲವನ್ನು ವೇಗದಿಂದ ತುಂಬಿಕೊಳ್ಳಲಿಕ್ಕೆಂದೇ ಆಗಿದ್ದರೆ, ಆ ವೇಗವನ್ನು ಕಡಿದ ಮದ್ದೇ ಮುಳುವಾಗುವದು; ವೈದ್ಯನಿಗೆ ಅದು ತಿಳಿಯುವ ಹೊತ್ತಿಗೆ ಇನ್ನೂ ಹಲವು ತಾಸು ಆ ಮದ್ದು ರಕ್ತದಲ್ಲಿಯೇ ಇರುವದು.

ಇದು ಬರಿಯ ಊಹೆಯ ಮಾತಲ್ಲ. ಚೀನ ದೇಶದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಮಹಾಪರೀಕ್ಷೆಯಲ್ಲಿ ಹೃದಯಾಘಾತಕ್ಕೀಡಾದ 45,852 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೆಟೊಪ್ರೊಲಾಲನ್ನು ಮೊದಲು ರಕ್ತನಾಳಕ್ಕೂ ಬಳಿಕ ಬಾಯಿಗೂ ಕೊಟ್ಟರು. ಮದ್ದು ಪಡೆದವರಲ್ಲಿ ಸಾವಿರಕ್ಕೆ ಸುಮಾರು ಐವರು ಎರಡನೆಯ ಆಘಾತದಿಂದಲೂ, ಸುಮಾರು ಐವರು ಹೃದಯದ ಮಾರಕವಾದ ನಡುಕದಿಂದಲೂ ಪಾರಾದರು. ಆದರೆ ಅದೇ ಸಾವಿರದಲ್ಲಿ ಸುಮಾರು ಹನ್ನೊಂದು ಜನ ಹೆಚ್ಚಾಗಿ, ಹೃದಯದ ಬಲವೇ ಕುಸಿದು ರಕ್ತದೊತ್ತಡ ಬಿದ್ದುಹೋಗುವ ಘೋರಸ್ಥಿತಿಗೆ ಗುರಿಯಾದರು. ಅದೂ ಬಹುಪಾಲು ಮೊದಲಿನ ಒಂದೆರಡು ದಿನಗಳಲ್ಲಿಯೇ. ಒಟ್ಟಿನ ಮರಣಗಳಲ್ಲಿ ಗಣನೀಯವಾದ ಭೇದವು ಕಾಣಲಿಲ್ಲ. ಒಂದು ಕೈಯಿಂದ ಕೊಟ್ಟದ್ದನ್ನು ಮದ್ದು ಇನ್ನೊಂದು ಕೈಯಿಂದ ಕಸಿದುಕೊಂಡಿತು. ರೋಗಿಯ ಸ್ಥಿತಿ ನೆಲೆಗೊಳ್ಳುವ ಮುಂಚೆ ದೀರ್ಘಕಾಲದ ಬೀಟಾ ಬ್ಲಾಕರನ್ನು ರಕ್ತನಾಳಕ್ಕೆ ಕೊಡುವಾಗ ಬಹಳ ವಿಚಾರ ಮಾಡಬೇಕೆಂಬ ಪಾಠವನ್ನು ವೈದ್ಯಲೋಕವು ಅಂದಿನಿಂದ ಗಟ್ಟಿಯಾಗಿ ಕಲಿತಿದೆ.

ಹಾಗಾದರೆ ಕೊಟ್ಟು ನೋಡಿ, ಒಗ್ಗದಿದ್ದರೆ ಕೂಡಲೇ ಹಿಂತೆಗೆಯಬಹುದಾದ ಬೀಟಾ ಬ್ಲಾಕರ್ ಇಲ್ಲವೆ? ಉಂಟು. ಅದರ ಹೆಸರು ಎಸ್ಮೊಲಾಲ್; ಅಮೇರಿಕದಲ್ಲಿ 1986ರಲ್ಲಿ ಅದಕ್ಕೆ ಮನ್ನಣೆ ದೊರೆಯಿತು. ಇದರ ಮೈಕಟ್ಟು ಬಹುಮಟ್ಟಿಗೆ ಮೆಟೊಪ್ರೊಲಾಲಿನಂಥದೇ. ಆದರೆ ಇದನ್ನು ಕಟ್ಟಿದವರು ಬೇಕೆಂದೇ ಇದರಲ್ಲಿ ಎಸ್ಟರ್ ಎಂಬ ಮೆದುವಾದ ಕೊಂಡಿಯೊಂದನ್ನು ಇಟ್ಟಿರುವರು. ನಮ್ಮ ರಕ್ತದ ಕೆಂಪುಕಣಗಳಲ್ಲಿ ಈ ಕೊಂಡಿಯನ್ನು ಕತ್ತರಿಸುವ ಕಿಣ್ವವುಂಟು. ಮದ್ದು ರಕ್ತಕ್ಕೆ ಸೇರಿದ ಗಳಿಗೆಯಿಂದಲೇ ಕತ್ತರಿಗೆ ಕೆಲಸ ಮೊದಲಾಗುವದು. ಕತ್ತರಿಸಿದ ತುಂಡಿಗೆ ಮೂಲದ ಬಲದಲ್ಲಿ ಸಾವಿರಕ್ಕೊಂದು ಪಾಲೂ ಇಲ್ಲ; ಅದು ನಿಧಾನವಾಗಿ ಮೂತ್ರದ ದಾರಿ ಹಿಡಿಯುವದು. ಉಳಿದ ಅನೇಕ ಮದ್ದುಗಳು ಯಕೃತ್ತಿನಿಂದಲೋ ಮೂತ್ರಪಿಂಡದಿಂದಲೋ ಕರಗಬೇಕಾದ್ದರಿಂದ ಆ ಅಂಗಗಳು ಕೆಟ್ಟವರಲ್ಲಿ ಹೆಚ್ಚು ಹೊತ್ತು ನಿಲ್ಲುವವು. ಎಸ್ಮೊಲಾಲಿನ ಬಲವನ್ನು ಮುರಿಯುವ ಕೆಲಸವು ರಕ್ತದಲ್ಲಿಯೇ ನಡೆಯುವದು.

ಎಸ್ಮೊಲಾಲಿನ ಅರ್ಧಾಯು ಸುಮಾರು 9 ನಿಮಿಷ. ಹನಿಯನ್ನು ನಿಲ್ಲಿಸಿದ 9 ನಿಮಿಷಕ್ಕೆ ಅರ್ಧ, 18 ನಿಮಿಷಕ್ಕೆ ಕಾಲು, 27 ನಿಮಿಷಕ್ಕೆ ಅರೆಪಾವಿನಷ್ಟೇ, ಎಂದರೆ ಎಂಟರಲ್ಲೊಂದು ಪಾಲೇ ಉಳಿಯುವದು. ನಮ್ಮ ಹಿರಿಯರ ಕಾಲಗಣನೆಯಲ್ಲಿ ಒಂದು ಗಳಿಗೆಯೆಂದರೆ 24 ನಿಮಿಷ. ಒಂದು ಗಳಿಗೆ ಸರಿಯುವದರೊಳಗೆ ಮದ್ದಿನ ಹಿಡಿತವು ಬಹಳ ಮಟ್ಟಿಗೆ ಸಡಿಲುವದು. ಅದಕ್ಕಾಗಿಯೇ ಇದನ್ನು ಗಳಿಗೆಯ ಮದ್ದೆಂದು ನಾವು ಕರೆದದ್ದು. ಇದಕ್ಕಿಂತಲೂ ಚುಟುಕಾದುದು ಲ್ಯಾಂಡಿಯೊಲಾಲ್. ಅದರ ಅರ್ಧಾಯು ಸುಮಾರು 4 ನಿಮಿಷ. ಶ್ವಾಸನಾಳಗಳನ್ನು ಬಿಟ್ಟು ಹೃದಯವನ್ನೇ ಹಿಡಿಯುವ ಗುಣವು ಅದರಲ್ಲಿ ಎಸ್ಮೊಲಾಲಿಗಿಂತ ಬಹಳ ಹೆಚ್ಚು. ಜಪಾನದಲ್ಲಿ ಅದು 2002ರಿಂದಲೂ ಬಳಕೆಯಲ್ಲಿದ್ದು, ಅಮೇರಿಕದಲ್ಲಿ 2024ರಲ್ಲಿ ಮನ್ನಣೆ ಪಡೆಯಿತು.

ಈ ಮದ್ದುಗಳು ಎಲ್ಲೆಲ್ಲಿ ಒದಗುವವೆಂಬುದನ್ನು ಸಂಕ್ಷೇಪವಾಗಿ ಹೇಳುವೆವು. ಹೃದಯದ ಮೇಲುಗೋಣೆಗಳು ತಾಳ ತಪ್ಪಿ ನಡುಗುವಾಗ ಕೆಳಗೋಣೆಗಳ ಓಟವನ್ನು ತಡೆಯಲಿಕ್ಕೆ. ಶಸ್ತ್ರಕ್ರಿಯೆಯ ವೇಳೆಗೆ ಗಂಟಲಲ್ಲಿ ಉಸಿರಿನ ಕೊಳವೆಯನ್ನು ಇಳಿಸಿದಾಗ ಏರುವ ನಾಡಿಯನ್ನೂ ಒತ್ತಡವನ್ನೂ ಇಳಿಸಲಿಕ್ಕೆ. ಥೈರಾಯ್ಡ್ ಗ್ರಂಥಿಯ ರಸವು ಉಕ್ಕಿ ಹೃದಯವು ಹುಚ್ಚೆದ್ದು ಓಡುವಾಗ. ಎಲ್ಲಕ್ಕಿಂತ ನಾಜೂಕಾದುದು ದೇಹದ ಮಹಾಧಮನಿಯ ಒಳಪದರು ಸೀಳಿದ ಸಂದರ್ಭ. ಆಗ ಪ್ರತಿಯೊಂದು ಮಿಡಿತವೂ ಸೀಳನ್ನು ಹಿಗ್ಗಿಸುವದು. ಆದ್ದರಿಂದ ನಾಡಿಯನ್ನು 60ರ ಕೆಳಗೂ ಮೇಲಿನ ರಕ್ತದೊತ್ತಡವನ್ನು 100ರಿಂದ 120ರೊಳಗೂ ಹಿಡಿದಿಡಲು ವೈದ್ಯರು ಯತ್ನಿಸುವರು. ಇಷ್ಟು ಸಣ್ಣ ಅಂತರದಲ್ಲಿ ನಡೆಯುವಾಗ, ಕೈ ತೆಗೆದರೆ ತಾನೂ ತೆಗೆಯುವ ಮದ್ದೇ ಬೇಕು.

ಇನ್ನು ವಾಚಕರ ಮೊದಲನೆಯ ಪ್ರಶ್ನೆಗೆ ಬರುವೆವು. ಮಳಗಿಯವರಿಗೆ ಧರ್ಮಾ ಜಲಾಶಯದ ತೂಬುಗಳು ಪರಿಚಿತವಾದವು. ಕೈ ಬಿಟ್ಟೊಡನೆ ತಾನಾಗಿಯೇ ಮುಚ್ಚಿಕೊಳ್ಳುವ ಒಂದು ತೂಬನ್ನು ಕಲ್ಪಿಸಿಕೊಳ್ಳಿರಿ. ಅದರಿಂದ ಕಾಲುವೆ ಒಡೆಯುವ ಭಯ ಕಡಿಮೆಯೆಂಬುದು ದಿಟ. ಆದರೆ ಹಾನಗಲ್ಲ ಸೀಮೆಯ ಗದ್ದೆಗಳಿಗೆ ನೀರು ಹರಿಯಬೇಕಾದರೆ, ಅಷ್ಟು ಹೊತ್ತೂ ಒಬ್ಬನು ಆ ತೂಬನ್ನು ಹಿಡಿದುಕೊಂಡೇ ನಿಂತಿರಬೇಕು. ಕಾಲುವೆಯ ನೀರು ಏರಿತೋ ಇಳಿಯಿತೋ ಎಂದು ನೋಡುತ್ತಲೂ ಇರಬೇಕು. ಗಳಿಗೆಯ ಮದ್ದಿನ ರೀತಿಯೂ ಹೀಗೆಯೇ. ಬೇಗ ಹೋಗುವದೆಂಬ ಅದರ ಗುಣವು ಅದನ್ನು ಕಾಯುವವನಿಗೆ ಉಪಕಾರಕ. ಕಾಯುವವನಿಲ್ಲದ ಮನೆಯಲ್ಲಿ ಅದರಿಂದ ಪ್ರಯೋಜನವಿಲ್ಲ.

ಲೆಕ್ಕವನ್ನೇ ಹಾಕಿ ನೋಡುವಾ. ಇದನ್ನು ಕೊಡುವ ರೂಢಿಯ ಕ್ರಮದಲ್ಲಿ 60 ಕಿಲೋ ತೂಕದವರಿಗೆ ಮೊದಲಿನ ಒಂದು ನಿಮಿಷದಲ್ಲಿ 30 ಮಿಲಿಗ್ರಾಂ, ಆಮೇಲೆ ನಿಮಿಷ ನಿಮಿಷಕ್ಕೆ 3 ಮಿಲಿಗ್ರಾಂ ಬೇಕಾಗುವದು. ಸಾಲದಿದ್ದರೆ ವೈದ್ಯರು ಹೆಚ್ಚಿಸುವರು. ಒಂದು ಸೀಸೆಯಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುವದು. ಮೊದಲಿನ 30 ಹೋದರೆ ಉಳಿದ 70ಕ್ಕೆ ಬರುವದು 23 ನಿಮಿಷ. ಅಂತೂ ಒಂದು ಸೀಸೆಗೆ ಒಂದು ಗಳಿಗೆಯ ಆಯುಷ್ಯ. ಬಾಯಿಯಿಂದ ಇದನ್ನು ಕೊಡುವ ರೂಢಿಯಿಲ್ಲ. ಸೂಜಿ ನಾಳದಿಂದ ಜಾರಿ ಮದ್ದು ಹೊರಗೆ ಸೋರಿದರೆ ಮಾಂಸಕ್ಕೆ ಉರಿಯೂ ಗಾಯವೂ ಆಗಬಹುದು. ಹನಿಯನ್ನು ಅಳೆಯುವ ಯಂತ್ರ, ಇ.ಸಿ.ಜಿ.ಯ ಪರದೆ, ಮತ್ತೆ ಮತ್ತೆ ರಕ್ತದೊತ್ತಡವನ್ನು ನೋಡುವ ಸಾಧನ, ಇವೆಲ್ಲವನ್ನೂ ಬಲ್ಲ ಎರಡು ಕಣ್ಣು, ಇಷ್ಟೂ ಕೂಡಿದಲ್ಲಿಯೇ ಅದು ಔಷಧವೆನಿಸುವದು.

ಇದಕ್ಕೂ ಮಿಗಿಲಾದ ಕಾರಣ ಇನ್ನೊಂದುಂಟು. ಬೇಗ ಬಡಿಯುವ ಹೃದಯವೆಂಬುದು ಒಂದೇ ರೋಗವಲ್ಲ. ಜ್ವರ, ರಕ್ತಹೀನತೆ, ವಾಂತಿಭೇದಿಯಿಂದ ಒಣಗಿದ ಮೈ, ಒಳಗೆ ಎಲ್ಲಿಯೋ ನಡೆದ ರಕ್ತಸ್ರಾವ, ಇವುಗಳಲ್ಲಿ ಹೃದಯವು ಓಡುವದು ಪ್ರಾಣವನ್ನು ಉಳಿಸಲಿಕ್ಕಾಗಿಯೇ. ಅಲ್ಲಿ ಅದರ ಕಾಲು ಕಟ್ಟಿದರೆ ಕೇಡು. ಇನ್ನು ಕೆಲವರಲ್ಲಿ ಹುಟ್ಟಿನಿಂದಲೇ ಹೃದಯದಲ್ಲಿ ವಿದ್ಯುತ್ತಿನ ಒಂದು ಅಡ್ಡದಾರಿ ಇರುವದು. ಅಂಥವರ ಮೇಲುಗೋಣೆಗಳು ನಡುಗುವಾಗ ಬೀಟಾ ಬ್ಲಾಕರನ್ನು ಕೊಡುವದು ಅಪಾಯಕ್ಕೆ ದಾರಿಯಾದೀತು. ಬೇರೊಂದು ಬಗೆಯ ಓಟಕ್ಕೆ ಅಡೆನೊಸಿನ್ ಎಂಬ ಸೂಜಿಮದ್ದೇ ಮೊದಲು; ಅದರ ಅರ್ಧಾಯು ಹತ್ತು ಸೆಕೆಂಡಿಗೂ ಕಡಿಮೆ. ಇವುಗಳನ್ನು ಒಂದರಿಂದೊಂದು ಬೇರ್ಪಡಿಸಿ ತೋರಿಸುವದು ಇ.ಸಿ.ಜಿ.ಯ ರೇಖೆಯೇ ಹೊರತು ನಾಡಿ ಹಿಡಿದ ಬೆರಳಲ್ಲ. ಆದಕಾರಣ ದೂರದ ಊರಿನ ಗೃಹಸ್ಥನು ಮೊದಲು ತಿಳಿದುಕೊಳ್ಳತಕ್ಕದ್ದು ಇ.ಸಿ.ಜಿ. ತೆಗೆಯುವ ಅತಿ ಸಮೀಪದ ಸ್ಥಳ ಯಾವದೆಂಬುದನ್ನು.

ಉತ್ತರ ಕನ್ನಡ ಜಿಲ್ಲೆಯವರ ಸಂಕಟವನ್ನು ನಾವು ಬಲ್ಲೆವು. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಉಡುಪಿಯ ಕಡೆಗೆ ಹೊರಟಿದ್ದ ಆಂಬ್ಯುಲನ್ಸು ಶಿರೂರಿನ ಸುಂಕದ ಕಟ್ಟೆಯಲ್ಲಿ ಮಗುಚಿ ನಾಲ್ವರು ಮೃತರಾದರು. ಜಿಲ್ಲೆಯಲ್ಲಿಯೇ ಸರ್ವಸಜ್ಜಿತವಾದ ದೊಡ್ಡ ಆಸ್ಪತ್ರೆಯೊಂದು ಬೇಕೆಂದು ಆ ವರುಷ ಜನರು ಎಬ್ಬಿಸಿದ ಕೂಗು ನಾಡಿಗೆಲ್ಲ ಕೇಳಿಸಿತು. ಘಟ್ಟದ ಮೇಲಿನ ತಾಲೂಕಿನವರು ಹುಬ್ಬಳ್ಳಿ ಧಾರವಾಡಗಳ ಕಡೆಗೂ, ಕರಾವಳಿಯವರು ಉಡುಪಿ ಮಣಿಪಾಲಗಳ ಕಡೆಗೂ ಓಡುವದು ಅವರ ಆಯ್ಕೆಯಿಂದಲ್ಲ. ಈ ಕೂಗು ನ್ಯಾಯವಾದುದೆಂದೇ ನಮ್ಮ ಎಣಿಕೆ. ಆದರೆ ಅದು ಫಲಿಸುವ ತನಕ ಮನೆಯವರ ಕೈಯಲ್ಲಿರುವದನ್ನು ಬಿಡಬಾರದು.

ಆಪತ್ತಿನ ಗಾಡಿಗೆ ನಮ್ಮ ರಾಜ್ಯದಲ್ಲಿ 2008ರಿಂದ 108 ಎಂಬ ಸಂಖ್ಯೆಯುಂಟು. ಮನೆಯ ಹುಡುಗರಿಗೂ ಅದು ಬಾಯಿಪಾಠವಾಗಿರಬೇಕು. ಹೃದಯಾಘಾತದವರಿಗಾಗಿ ಸರಕಾರವು 2023ರಲ್ಲಿ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ಹೃದಯಜ್ಯೋತಿ ಎಂಬ ಯೋಜನೆಯನ್ನು ಸಾರಿತು. ಯೋಜನೆಗೆ ಸೇರಿದ ತಾಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ದೂರದ ಹೃದಯತಜ್ಞರಿಗೆ ಕೂಡಲೇ ತೋರಿಸಿ, ಅವರು ಹೇಳಿದರೆ ಟೆನೆಕ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಸೂಜಿಮದ್ದನ್ನು ಅಲ್ಲಿಯೇ ಬೆಲೆಯಿಲ್ಲದೆ ಕೊಡುವದು ಅದರ ಕ್ರಮ. ದೂರದ ಊರಿನವರು ಆಸೆಪಡತಕ್ಕ ಮದ್ದಿದ್ದರೆ ಅದು ಇಂಥದು. ಆಘಾತವಾದ ಮೊದಲ ಕೆಲವು ತಾಸುಗಳಲ್ಲಿ ಕೊಟ್ಟರೆ ಅದರಿಂದ ಹೆಚ್ಚಿನ ಫಲ. ಹೊತ್ತು ಕಳೆದಂತೆ ಫಲವು ಕುಗ್ಗುವದು. ಆದ್ದರಿಂದ ಮುಂಡಗೋಡ, ಶಿರಸಿಗಳ ಆಸ್ಪತ್ರೆಗಳಲ್ಲಿ ಯಾವದರಲ್ಲಿ ರಾತ್ರಿಯೂ ಇ.ಸಿ.ಜಿ. ತೆಗೆಯುವರು, ಯಾವದರಲ್ಲಿ ಈ ಸೂಜಿಮದ್ದು ಇರುವದು ಎಂಬುದನ್ನು ಸುಖದ ದಿನವೇ ವಿಚಾರಿಸಿ ಇಟ್ಟುಕೊಳ್ಳತಕ್ಕದ್ದು. ಎದೆಯಲ್ಲಿ ಒತ್ತಿದಂಥ ನೋವು, ತಣ್ಣನೆಯ ಬೆವರು, ಎಡದೋಳಿಗೋ ದವಡೆಗೋ ಹರಿಯುವ ಸೆಳೆತ, ಉಸಿರು ಸಾಲದೆ ಹೋಗುವದು, ಕಣ್ಣು ಕತ್ತಲೆಗಟ್ಟುವದು ಇವುಗಳಲ್ಲಿ ಒಂದಾದರೂ ಕಂಡರೆ ವಾಯುವೆಂದು ಹೇಳಿ ಓಮದ ಕಷಾಯ ಕುದಿಸುತ್ತ ಕೂಡ್ರಬಾರದು. ರೋಗಿಯನ್ನು ನಡೆಸಬಾರದು, ದ್ವಿಚಕ್ರವಾಹನದ ಮೇಲೆ ಕೂಡ್ರಿಸಬಾರದು.

ಈಗ ಎರಡನೆಯ ಪ್ರಶ್ನೆ. ದಿನದ ಗುಳಿಗೆಯನ್ನು ಬಿಡಬಹುದೆ? ವೈದ್ಯರನ್ನು ಕೇಳದೆ ಬಿಡಲೇಕೂಡದೆಂದು ನಾವು ಒತ್ತಿ ಹೇಳುವೆವು. ಬೀಗಗಳ ಮಾತನ್ನು ನೆನೆಯಿರಿ. ಬಹುದಿನ ಬೀಗಗಳು ಮುಚ್ಚಿಯೇ ಇದ್ದರೆ ಹೃದಯದ ಕಣಗಳು ಹೊಸ ಬೀಗಗಳನ್ನು ಹೆಚ್ಚಿಸಿಕೊಂಡು, ಅಡ್ರೆನಾಲಿನ್ನಿನ ಹನಿಗಾಗಿ ಕಾದಿರುವವು. ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ, ಹೆಚ್ಚಿದ ಬೀಗಗಳೆಲ್ಲ ಒಮ್ಮೆಲೆ ತೆರೆದು, ಹೃದಯವು ಮುಂಚಿಗಿಂತ ಜೋರಾಗಿ ಓಡಬಹುದು. ರಕ್ತದೊತ್ತಡವು ಪುಟನೆಗೆಯಬಹುದು, ಹೃದಯದ ನಾಳಗಳು ಕಿರಿದಾದವರಿಗೆ ಆಘಾತವೇ ಆಗಬಹುದು. ಬಿಡಬೇಕಾಗಿ ಬಂದರೂ ಒಂದೆರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸುವದು ವೈದ್ಯರ ಪದ್ಧತಿ. ಗಳಿಗೆಯ ಮದ್ದನ್ನು ಯಂತ್ರ ನಿಲ್ಲಿಸಿ ಬಿಟ್ಟರಲ್ಲವೆ ಎಂದು ಯಾರಾದರೂ ಕೇಳಬಹುದು. ಅಲ್ಲಿ ವೈದ್ಯರು ಗುಳಿಗೆಯನ್ನು ಮೊದಲು ಕೊಟ್ಟು, ಅದು ಹಿಡಿತಕ್ಕೆ ಬರುತ್ತಿದ್ದಂತೆ ಹನಿಯನ್ನು ಇಳಿಸುತ್ತ ಬಂದಿರುವರು. ಹನಿಯ ಕೆಲಸವನ್ನು ಗುಳಿಗೆಯು ವಹಿಸಿಕೊಂಡಿದೆ. ಹಿರಿಯರ ಎದೆ ಈಗ ನೆಟ್ಟಗಿರುವದಕ್ಕೆ ಆ ಗುಳಿಗೆಯೂ ಒಂದು ಕಾರಣವಾಗಿರಬಹುದು. ಎದೆ ನೆಟ್ಟಗಾಯಿತೆಂದು ಅದನ್ನು ತೆಗೆದೊಗೆದರೆ, ಮಾಡು ಸೋರುವದಿಲ್ಲವೆಂದು ಹಂಚನ್ನೇ ಇಳಿಸಿದಂತಾಗುವದು.

ಈ ಗುಳಿಗೆಯಿರುವ ಮನೆಗಳಲ್ಲಿ ಪಾಲಿಸತಕ್ಕ ಕೆಲವು ನಿಯಮಗಳನ್ನು ಇಲ್ಲಿ ಕೊಡುವೆವು.

ಗುಳಿಗೆಯು ದಿನವೂ ನಿಯಮಿತವಾದ ಹೊತ್ತಿಗೆ ಸಲ್ಲಬೇಕು. ಏಕಾದಶಿಯ ಉಪವಾಸವಿರಲಿ, ಎರಡು ವರುಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬೆಯ ಜಾತ್ರೆಯಿರಲಿ, ಮಗಳ ಮನೆಯ ಮದುವೆಯಿರಲಿ, ಅಂದಿನ ಗುಳಿಗೆ ತಪ್ಪಕೂಡದು. ಊರಿಗೆ ಹೊರಟಾಗ ಬಟ್ಟೆಯ ಗಂಟಿಗಿಂತ ಮೊದಲು ಗುಳಿಗೆಯ ಪೊಟ್ಟಣವನ್ನು ಕಟ್ಟಬೇಕು. ತೀರುವ ಒಂದು ವಾರ ಮುಂಚೆಯೇ ಹೊಸದನ್ನು ತರಿಸಬೇಕು. ಮಳೆಗಾಲದಲ್ಲಿ ಇನ್ನೂ ಮುಂಚೆ.

ಒಂದು ಹೊತ್ತು ಮರೆತರೆ ಮರುಹೊತ್ತಿಗೆ ಎರಡು ನುಂಗಬಾರದು. ನಿಧಾನವಾಗಿ ಕರಗಲೆಂದು ಕಟ್ಟಿದ ಗುಳಿಗೆಗಳೂ ಉಂಟು; ಅವನ್ನು ಅರೆದಾಗಲಿ ಜಗಿದಾಗಲಿ ತೆಗೆದುಕೊಂಡರೆ ಇಡೀ ದಿನದ ಮದ್ದು ಒಮ್ಮೆಲೆ ರಕ್ತಕ್ಕಿಳಿಯುವದು. ಮುದುಕರಿಗೆ ನುಂಗಲು ಬಾರದೆಂದು ಕಲ್ಲಿನಲ್ಲಿ ಕುಟ್ಟಿ ಕೊಡುವ ಮನೆಯವರು ಇದನ್ನು ಗಮನಿಸಬೇಕು.

ವಾರಕ್ಕೊಮ್ಮೆಯಾದರೂ ನಾಡಿಯನ್ನು ಒಂದು ನಿಮಿಷ ಪೂರ್ತಿ ಎಣಿಸಿ ಬರೆದಿಡಬೇಕು. ಅದು 50ರ ಕೆಳಗಿಳಿದರೆ, ಅಥವಾ ಏಳುವಾಗ ತಲೆ ತಿರುಗಿ ಬಿದ್ದಂತಾದರೆ, ಅಥವಾ ಕಾಲು ಬಾತು ಮಲಗಿದರೆ ಉಸಿರು ಕಟ್ಟುವಂತಾದರೆ, ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಉಬ್ಬಸದವರು ಅದನ್ನು ಮುಂದಾಗಿಯೇ ಹೇಳಬೇಕು. ಕಣ್ಣಿನ ಒತ್ತಡಕ್ಕೆಂದು ಹಾಕುವ ಟಿಮೊಲಾಲ್ ಎಂಬ ಹನಿಯೂ ಇದೇ ಕುಲದ್ದು. ಕಣ್ಣಿನಿಂದಲೂ ಅದು ರಕ್ತಕ್ಕಿಳಿದು ಉಬ್ಬಸವನ್ನು ಕೆರಳಿಸಬಹುದು, ನಾಡಿಯನ್ನು ಇಳಿಸಬಹುದು. ಕಣ್ಣಿನ ವೈದ್ಯರಿಗೆ ಎದೆಯ ಚೀಟಿಯನ್ನೂ ಎದೆಯ ವೈದ್ಯರಿಗೆ ಕಣ್ಣಿನ ಚೀಟಿಯನ್ನೂ ತೋರಿಸುವದು ಲೇಸು.

ಸಕ್ಕರೆ ರೋಗದವರು ಇನ್ನೊಂದನ್ನು ತಿಳಿದಿರಬೇಕು. ರಕ್ತದ ಸಕ್ಕರೆ ತೀರ ಇಳಿದಾಗ ಎದೆ ಹಾರುವದು, ಕೈ ನಡುಗುವದು. ಇವು ದೇಹದ ಎಚ್ಚರಿಕೆಯ ಗಂಟೆಗಳು. ಈ ಗುಳಿಗೆಯು ಆ ಗಂಟೆಗಳ ಸದ್ದನ್ನು ಅಡಗಿಸಿಬಿಡಬಹುದು. ಬೆವರುವದೊಂದು ಗುರುತು ಉಳಿಯುವದು. ಹಸಿದ ಹೊತ್ತಿನಲ್ಲಿ ಕಾರಣವಿಲ್ಲದೆ ಬೆವರಿದರೆ ಸಕ್ಕರೆಯನ್ನು ಅಳೆಯಬೇಕು; ಅಳೆಯುವ ಸಾಧನವಿಲ್ಲದಿದ್ದರೆ ಬೆಲ್ಲವನ್ನೋ ಸಕ್ಕರೆಯ ನೀರನ್ನೋ ಕೊಡಬೇಕು.

ಕೊನೆಯದಾಗಿ, ರೋಗಿಯ ಹೆಸರು, ವಯಸ್ಸು, ದಿನವೂ ತೆಗೆದುಕೊಳ್ಳುವ ಗುಳಿಗೆಗಳ ಹೆಸರು ಮತ್ತು ಪ್ರಮಾಣ, ಮುಂಚೆ ತೆಗೆದ ಇ.ಸಿ.ಜಿ. ಇವಿಷ್ಟನ್ನು ಒಂದು ಲಕೋಟೆಯಲ್ಲಿಟ್ಟು ಬಾಗಿಲ ಬಳಿ ತೂಗಹಾಕಿರಿ. ಆಪತ್ತಿನಲ್ಲಿ ಗಾಡಿಯೊಡನೆ ಆ ಲಕೋಟೆಯೂ ಹೋಗಲಿ. ರೋಗಿಯ ಮೈಯಲ್ಲಿ ಯಾವ ಬೀಟಾ ಬ್ಲಾಕರು ಮೊದಲೇ ಇದೆಯೆಂಬುದು ತಿಳಿದರೆ, ಗಳಿಗೆಯ ಮದ್ದನ್ನು ಕೊಡಬೇಕೆ ಬೇಡವೆ, ಕೊಟ್ಟರೆ ಎಷ್ಟು ಎಂಬುದನ್ನು ಅಲ್ಲಿಯ ವೈದ್ಯರು ಹೊತ್ತು ಕಳೆಯದೆ ನಿಶ್ಚಯಿಸಬಲ್ಲರು. ಮಳಗಿಯ ಹಿರಿಯರು ದೀರ್ಘಕಾಲ ಸುಖವಾಗಿರಲೆಂದು ಹಾರೈಸುವೆವು. ನಾಡಿಯನ್ನು ಎಣಿಸುವ ಸರಿಯಾದ ಕ್ರಮವನ್ನೂ ಮನೆಯಲ್ಲಿ ರಕ್ತದೊತ್ತಡವನ್ನು ಅಳೆಯುವಾಗ ಆಗುವ ತಪ್ಪುಗಳನ್ನೂ ಮುಂದಿನ ಸಂಚಿಕೆಯಲ್ಲಿ ವಿವರಿಸುವೆವು.